ಕೊಟ್ಟಿಗೆಯಲ್ಲಿ ನಿಂತ ಕಾರು

ಕಳೆದ ಆಯುಧಪೂಜೆಯಂದು ನಾಗಮಂಗಲ ತಾಲ್ಲೂಕಿನ ನಮ್ಮ ಹಿರಿಯರ ಮನೆಯ ಅಂಗಳದಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಒಂದು ಟ್ರಾಕ್ಟರ್, ಅದರ ಟ್ರೈಲರ್, ಮೂರು ಬೈಕುಗಳು, ನಮ್ಮ ತಮ್ಮನ ಹಿರಿಯ ಮಗ ಕಂತಿನ ಮೇಲೆ ಕೊಂಡ ಹೊಸ ಕಾರು. ಎಲ್ಲವನ್ನೂ ಬೆಳಗಿನಿಂದಲೇ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ವಿಭೂತಿ ಧರಿಸಿ, ಬೂದುಗುಂಬಳಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ್ದೂ ಆಯಿತು. ಮಂಗಳಾರತಿ ಮುಗಿದು ಮಕ್ಕಳು ಕಡಲೆಪುರಿಗೆ ಮುಗಿಬಿದ್ದಾಗ ದೊಡ್ಡಪ್ಪನವರು ಎಲ್ಲಿಯೂ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿತ್ತಲಿನ ಕೊಟ್ಟಿಗೆಯಲ್ಲಿದ್ದರು. ಅಲ್ಲಿ ಎರಡು ಹಸುಗಳ ಪಕ್ಕದಲ್ಲಿ, ಮೈಮೇಲೆ ಹುಲ್ಲಿನ ಧೂಳು ಹೊತ್ತು, ಹನ್ನೊಂದು ವರ್ಷಗಳಿಂದ ನಮ್ಮ ಮನೆಯ ಅಂಬಾಸಿಡರ್ ಕಾರು ನಿಂತಿದೆ. ಅದನ್ನು ಯಾರೂ ತೊಳೆದಿರಲಿಲ್ಲ. ಎಂಬತ್ತೆಂಟು ವರ್ಷದ ದೊಡ್ಡಪ್ಪನವರು ತಮ್ಮ ಹೆಗಲ ಮೇಲಿನ ವಸ್ತ್ರದಿಂದಲೇ ಅದರ ಮುಂದಿನ ಗಾಜನ್ನು ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಒಂದು ಬಿಡಿ ಹೂವನ್ನು ಬಾನೆಟ್ಟಿನ ಮೇಲಿಟ್ಟು ಸುಮ್ಮನೆ ನಿಂತಿದ್ದರು.

ಊಟವಾದ ಮೇಲೆ ಪಡಸಾಲೆಯಲ್ಲಿ ಅದೇ ಮಾತು ಬಂದಿತು. ಇನ್ನೆಷ್ಟು ದಿನ ಅದನ್ನು ಹೀಗೆ ಇಟ್ಟುಕೊಳ್ಳುವುದು, ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಕಟ್ಟುವಷ್ಟು ಜಾಗವನ್ನು ತಿನ್ನುತ್ತಿದೆ, ಗುಜರಿಗೆ ಹಾಕೋಣ ಎಂದು ತಮ್ಮ ಹೇಳಿದ. ದೊಡ್ಡಪ್ಪನವರು ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದರೇ ಹೊರತು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಮೌನದಿಂದಲೇ ಈ ಲೇಖನ ಹುಟ್ಟಿತೆನ್ನಬಹುದು. ನಮ್ಮ ಓದುಗರಲ್ಲಿ ಅನೇಕರ ಮನೆಗಳಲ್ಲಿ ಇಂಥದೇ ಒಂದು ಕಾರು ಇದ್ದಿರಬಹುದು; ಇಲ್ಲದಿದ್ದರೆ ಇಂಥದೊಂದು ಕಾರಿನ ಹಿಂದಿನ ಸೀಟಿನಲ್ಲಿ ಐದು ಮಂದಿಯ ನಡುವೆ ಆರನೆಯವರಾಗಿ ಕುಳಿತು ಮದುವೆಗೆ ಹೋದ ನೆನಪಾದರೂ ಇದ್ದೀತು.

ನಾಗಮಂಗಲದವರಿಗೆ ಮೋಟಾರಿನ ಮೇಲೆ ಇಷ್ಟೊಂದು ಮಮತೆ ಏಕೆಂಬುದು ನೆರೆಯ ತಾಲ್ಲೂಕಿನವರಿಗೆ ಸುಲಭವಾಗಿ ತಿಳಿಯದು. ಬೆಂಗಳೂರು ಮೈಸೂರುಗಳ ನಡುವೆ 1880ರ ದಶಕದಲ್ಲಿಯೇ ರೈಲು ಓಡತೊಡಗಿ, ಶ್ರೀರಂಗಪಟ್ಟಣಕ್ಕೂ ಅಂದು ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಪಾಂಡವಪುರಕ್ಕೂ ನಿಲ್ದಾಣಗಳಾದವು. ಕೃಷ್ಣರಾಜಪೇಟೆ ತಾಲ್ಲೂಕಿಗೆ ಮೈಸೂರು ಅರಸೀಕೆರೆ ಮಾರ್ಗದ ಅಕ್ಕಿಹೆಬ್ಬಾಳು, ಮಂದಗೆರೆ ನಿಲ್ದಾಣಗಳು ದೊರೆತವು. ನಾಗಮಂಗಲದವರಿಗೆ ಮಾತ್ರ ಎತ್ತಿನ ಗಾಡಿ, ಕಾಲುನಡಿಗೆ, ಅದು ಬಿಟ್ಟರೆ ಧೂಳೆಬ್ಬಿಸುತ್ತ ಬರುವ ಬಸ್ಸು. ಹಾಸನ ಬೆಂಗಳೂರು ರೈಲುಮಾರ್ಗ ಬೆಳ್ಳೂರಿನ ಮಗ್ಗುಲಲ್ಲಿ ಹಾದು, ಬಿ.ಜಿ. ನಗರದ ನಿಲ್ದಾಣದಿಂದ ನೇರವಾಗಿ ಬೆಂಗಳೂರಿಗೆ ರೈಲು ಹತ್ತುವಂತಾದದ್ದು 2017ರಲ್ಲಿ. ಆ ಹೊತ್ತಿಗೆ ನಮ್ಮ ತಾಲ್ಲೂಕಿನ ಮೂರು ತಲೆಮಾರುಗಳು ರಸ್ತೆಯ ಮೇಲೆಯೇ ಬದುಕು ಸಾಗಿಸಿ ಆಗಿತ್ತು. ಮೈಸೂರು ಸರ್ಕಾರ 1948ರಲ್ಲಿ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತಾದರೂ ನಮ್ಮ ಒಳಹಳ್ಳಿಗಳಿಗೆ ಕೆಂಪು ಬಸ್ಸು ಬಂದದ್ದು ಅದೆಷ್ಟೋ ವರ್ಷಗಳ ಮೇಲೆ. ಬಂದಮೇಲೂ ಅದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮಧ್ಯಾಹ್ನ ಹೊಟ್ಟೆನೋವು ಬಂದವನು ಸಂಜೆಯವರೆಗೆ ಕಾಯಬೇಕು.

ಇಂಥ ಊರಿಗೆ 1979ರಲ್ಲಿ ನಮ್ಮ ದೊಡ್ಡಪ್ಪನವರು ಕಾರು ತಂದರು. ಮೈಸೂರಿನ ವಕೀಲರೊಬ್ಬರು ಹನ್ನೊಂದು ವರ್ಷ ಓಡಿಸಿದ, 1968ರ ಅಂಬಾಸಿಡರ್. ಬೂದುಬಣ್ಣ, 'ಎಂವೈ' ಎಂಬ ಅಕ್ಷರಗಳಿಂದ ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನೋಂದಣಿ ಸಂಖ್ಯೆ. ಆ ವರ್ಷ ಕಬ್ಬಿಗೆ ಒಳ್ಳೆಯ ಹಣ ಬಂದಿತ್ತು, ಎರಡು ಜೊತೆ ಎತ್ತನ್ನೂ ಮಾರಿದ್ದರು. ಎತ್ತು ಮಾರಿ ಕಾರು ತಂದರೆಂದು ದೊಡ್ಡವ್ವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾವಾಗ ಹೈಸ್ಕೂಲಿನಲ್ಲಿದ್ದೆವು. ಕಾರು ಊರ ಬಾಗಿಲಿಗೆ ಬಂದಾಗ ಶಾಲೆಯ ಮಕ್ಕಳೆಲ್ಲ ಅದರ ಹಿಂದೆ ಓಡಿದ್ದು, ಅದರೊಳಗೆ ಕುಳಿತಿದ್ದ ನಮಗೆ ಇಡೀ ಊರೇ ಚಿಕ್ಕದಾಗಿ ಕಂಡದ್ದು, ಇಂದು ನೆನೆದರೆ ನಾಚಿಕೆಯೂ ಆಗುತ್ತದೆ, ಸುಖವೂ ಆಗುತ್ತದೆ.

ಅಂದಿನ ದಿನಗಳಲ್ಲಿ ಕಾರೆಂದರೆ ಎರಡೇ: ಒಂದು ಅಂಬಾಸಿಡರ್, ಇನ್ನೊಂದು ಫಿಯೆಟ್. ಹಿಂದೂಸ್ಥಾನ್ ಮೋಟಾರ್ಸ್ 1942ರಲ್ಲಿ ಸ್ಥಾಪಿತವಾಗಿ, ಮೊದಲು ಗುಜರಾತಿನ ಓಖಾ ಬಂದರಿನಲ್ಲಿದ್ದು, ಬಳಿಕ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ 1950ರ ದಶಕದ ಕೊನೆಯಲ್ಲಿ ಅಲ್ಲಿ ಅಂಬಾಸಿಡರ್ ತಯಾರಾಗತೊಡಗಿತು. ಫಿಯೆಟ್ಟಿನ ಕಥೆಯಲ್ಲಿ ನಮ್ಮ ಮೈಸೂರಿನ ಪಾಲೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ನಮ್ಮ ದೇಶದಲ್ಲಿ ಮೋಟಾರು ಕಾರ್ಖಾನೆ ಆಗಲೇಬೇಕೆಂದು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅವರೊಡನೆ ಕೈಜೋಡಿಸಿದರು. ಮೈಸೂರು ಸಂಸ್ಥಾನದಲ್ಲಿಯೇ ಅದನ್ನು ಸ್ಥಾಪಿಸುವ ಮಾತುಕತೆ ನಡೆಯಿತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡದೆ ಹೋದದ್ದರಿಂದ ಆ ಕನಸು ಇಲ್ಲಿ ನನಸಾಗಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಮುಂದೆ ಅದೇ ಫಿಯೆಟ್ ಕಾರುಗಳನ್ನು, ಅನಂತರ ಪದ್ಮಿನಿಯನ್ನು ತಯಾರಿಸಿತು. ಕನ್ನಂಬಾಡಿ ಕಟ್ಟೆಯ ನೀರುಂಡು ಬೆಳೆದ ಮಂಡ್ಯ ಜಿಲ್ಲೆಯವರು ವಿಶ್ವೇಶ್ವರಯ್ಯನವರ ಈ ಒಂದು ಸೋಲನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಕಾರಿನ ಮುಂದಿನ ಸೀಟು ಒಂದೇ ಉದ್ದನೆಯ ಹಲಗೆಯಂತಿತ್ತು. ಗೇರು ಸ್ಟಿಯರಿಂಗಿನ ಪಕ್ಕದಲ್ಲಿದ್ದುದರಿಂದ ನಡುವೆ ಮತ್ತೊಬ್ಬರು ಕೂರಲು ಅಡ್ಡಿಯಿರಲಿಲ್ಲ. ಮುಂದೆ ಮೂವರು ದೊಡ್ಡವರು, ತೊಡೆಯ ಮೇಲೆ ಇಬ್ಬರು ಮಕ್ಕಳು; ಹಿಂದೆ ಐದು ಹೆಂಗಸರು, ಅವರ ಮಡಿಲಲ್ಲಿ ಕೂಸುಗಳು; ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ, ರಾಗಿಹಿಟ್ಟು, ಹೊಸ ಸೀರೆಯ ಗಂಟು. ಹೀಗೆ ತುಂಬಿಕೊಂಡು ಮೂವತ್ತು ಕಿಲೋಮೀಟರಿನಷ್ಟು ದೂರದ ಎಡೆಯೂರಿಗೆ ಸಿದ್ಧಲಿಂಗೇಶ್ವರನ ದರ್ಶನಕ್ಕೆ ಹೊರಟರೆ ದಾರಿಯಲ್ಲಿ ಎರಡು ಸಲವಾದರೂ ರೇಡಿಯೇಟರ್ ಕುದಿಯುತ್ತಿತ್ತು. ಯಾರದೋ ತೋಟದ ಬಾವಿಯಿಂದ ನೀರು ತಂದು ಹುಯ್ಯಬೇಕು. ಆ ತೋಟದವರು ನೀರಿನೊಂದಿಗೆ ಎಳನೀರನ್ನೂ ಕೊಡುತ್ತಿದ್ದರು, ಯಾವ ಊರು, ಯಾರ ಮನೆ ಎಂದು ವಿಚಾರಿಸುತ್ತಿದ್ದರು. ನಮ್ಮ ಚಿಕ್ಕಪ್ಪನೊಬ್ಬನಿಗೆ ಹೀಗೆ ಕುದಿದ ರೇಡಿಯೇಟರಿನ ದೆಸೆಯಿಂದಲೇ ಹೆಣ್ಣು ಗೊತ್ತಾಯಿತೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ.

ಕಾರು ದೊಡ್ಡಪ್ಪನವರದೆಂದು ಹೆಸರಿಗೆ ಮಾತ್ರ, ಅದು ಊರಿನದು. ಬಾಡಿಗೆಯೆಂದು ಯಾರೂ ಕೊಡುತ್ತಿರಲಿಲ್ಲ, ದೊಡ್ಡಪ್ಪನವರು ಕೇಳುತ್ತಲೂ ಇರಲಿಲ್ಲ. ನಾಗಮಂಗಲದ ಬಂಕಿನಲ್ಲಿ ಐದೋ ಹತ್ತೋ ಲೀಟರು ಪೆಟ್ರೋಲು ಹಾಕಿಸುತ್ತಿದ್ದರು; ಅದೂ ಇಲ್ಲದವರು ಸುಗ್ಗಿಯಲ್ಲಿ ಒಂದು ಚೀಲ ಅವರೆಕಾಯಿ ತಂದು ಜಗುಲಿಯ ಮೇಲಿಡುತ್ತಿದ್ದರು. ಮದುವೆಯ ದಿಬ್ಬಣಕ್ಕೆ, ಮೇಲುಕೋಟೆಯ ವೈರಮುಡಿಗೆ, ಮಂಡ್ಯದ ಕಚೇರಿಯ ಕೆಲಸಕ್ಕೆ, ಮೈಸೂರಿನ ದೊಡ್ಡ ಆಸ್ಪತ್ರೆಗೆ, ಎಲ್ಲಕ್ಕೂ ಅದೇ ಕಾರು. ಯಾವ ಕೇರಿಯವರಾದರೂ ಅದರಲ್ಲಿ ಕುಳಿತರು ಎಂದು ನಾವು ಹೆಮ್ಮೆಯಿಂದ ಬರೆಯಬೇಕೆಂದಿದ್ದೆವು. ಬರೆಯುವ ಮುನ್ನ ಹಿರಿಯರೊಬ್ಬರನ್ನು ಕೇಳಿದಾಗ ಅವರು ನಕ್ಕು, "ಕಾಯಿಲೆಯಾದಾಗ ಎಲ್ಲರೂ ಕೂತೆವು ಸ್ವಾಮಿ, ಮದುವೆಯಾದಾಗ ಎಲ್ಲರೂ ಕೂರಲಿಲ್ಲ" ಎಂದರು. ಆ ಮಾತನ್ನು ಬಿಟ್ಟು ಮುಂದುವರಿಯುವುದು ನ್ಯಾಯವಲ್ಲವೆಂದು ಇಲ್ಲಿ ಬರೆದಿದ್ದೇವೆ.

ಇನ್ನೊಂದು ಮಾತನ್ನೂ ಬರೆಯಬೇಕಾಗಿದೆ. ಇದನ್ನು ನಮ್ಮ ಮನೆಯಲ್ಲಿ ನಲವತ್ತು ವರ್ಷಗಳಿಂದ ಯಾರೂ ಗಟ್ಟಿಯಾಗಿ ಆಡಿಲ್ಲ. 1982ರ ಮಳೆಗಾಲದ ಒಂದು ರಾತ್ರಿ ಊರಿನ ಒಂದು ಹುಡುಗನಿಗೆ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿತು. ತಂದೆ ಅವನನ್ನು ಹೆಗಲ ಮೇಲೆ ಹಾಕಿಕೊಂಡು ನೇರವಾಗಿ ನಮ್ಮ ಮನೆಗೆ ಓಡಿಬಂದ. ದೊಡ್ಡಪ್ಪನವರು ಎದ್ದ ಬಟ್ಟೆಯಲ್ಲಿಯೇ ಕಾರು ಹತ್ತಿದರು. ಆರು ದಿನ ಮಳೆಯಲ್ಲಿ ಅಲುಗದೆ ನಿಂತಿದ್ದ ಕಾರು ಸೆಲ್ಫ್ ಹಿಡಿಯಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದರು, ಹಿಡಿಯಲಿಲ್ಲ. ಹತ್ತು ಜನ ಸೇರಿ ತಳ್ಳಿದರೆ ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ಕೊನೆಗೆ ಗಾಡಿ ಕಟ್ಟಿದರು. ಹುಡುಗ ದಾರಿಯಲ್ಲಿಯೇ ತೀರಿಕೊಂಡ. ಯಾರೂ ದೊಡ್ಡಪ್ಪನವರನ್ನು ದೂರಲಿಲ್ಲ. ಆ ಹುಡುಗನ ತಂದೆಯಂತೂ ಮುಂದೆಯೂ ನಮ್ಮ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದ. ಆದರೆ ಎರಡು ಜೊತೆ ಎತ್ತು ಮಾರದಿದ್ದರೆ ಗಾಡಿಯನ್ನು ಮೊದಲೇ ಕಟ್ಟುತ್ತಿದ್ದರಲ್ಲವೇ, ಬೇರೆಯವರ ಎತ್ತು ತರಿಸಲು ಅರ್ಧ ಗಂಟೆ ಹಿಡಿಯುತ್ತಿರಲಿಲ್ಲವಲ್ಲವೇ ಎಂದು ದೊಡ್ಡವ್ವ ಒಂದೇ ಒಂದು ಸಲ ಕೇಳಿದರಂತೆ.

ಆ ಮಳೆಗಾಲ ಮುಗಿಯುತ್ತಲೇ ದೊಡ್ಡಪ್ಪನವರು ಹಿತ್ತಲಿನ ಕೊಟ್ಟಿಗೆಯ ನೆಲವನ್ನು ಇಳಿಜಾರು ಮಾಡಿಸಿದರು. ಅಂದಿನಿಂದ ಕಾರು ಮೂತಿಯನ್ನು ಇಳಿಜಾರಿಗೆ ಮಾಡಿಕೊಂಡೇ ನಿಲ್ಲುತ್ತಿತ್ತು. ಮುಂದಿನ ಚಕ್ರಕ್ಕೆ ಒಂದು ಕಲ್ಲು ಒಡ್ಡಿರುತ್ತಿದ್ದರು. ಸೆಲ್ಫ್ ಹಿಡಿಯಲಿ ಬಿಡಲಿ, ಕಲ್ಲು ತೆಗೆದು ಬ್ರೇಕು ಬಿಟ್ಟರೆ ಕಾರು ತಾನಾಗಿಯೇ ಉರುಳಿ, ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟೊಡನೆ ಚಾಲೂ ಆಗುತ್ತಿತ್ತು. ಮುಂದಿನ ಮೂವತ್ತು ವರ್ಷಗಳಲ್ಲಿ ಎಷ್ಟು ಹೆರಿಗೆಗಳಿಗೆ, ಎಷ್ಟು ಎದೆನೋವುಗಳಿಗೆ ಅದು ಹೀಗೆ ಉರುಳಿತೆಂದು ನಾವು ಲೆಕ್ಕವಿಟ್ಟಿಲ್ಲ. ಒಂದು ಹೆರಿಗೆಯಂತೂ ಕಾರಿನಲ್ಲಿಯೇ ಆಯಿತು. ಆ ಕೂಸು ಇಂದು ಬೆಂಗಳೂರಿನಲ್ಲಿ ಎಂಜಿನಿಯರ್.

ಪೆಟ್ರೋಲಿನ ಬೆಲೆ ಏರಿದಾಗ ಆ ಕಾಲದ ಅನೇಕರಂತೆ ದೊಡ್ಡಪ್ಪನವರೂ 1987ರಲ್ಲಿ ಡೀಸೆಲ್ ಎಂಜಿನ್ ಕೂರಿಸಿದರು. ಸದ್ದು ಇಮ್ಮಡಿಯಾಯಿತು, ಹೊಗೆ ಮುಮ್ಮಡಿಯಾಯಿತು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕಾಗುತ್ತಿತ್ತು, ಅಲ್ಲಿ ಸಿಕ್ಕದ್ದನ್ನು ನಾಗಮಂಗಲ ಪೇಟೆಯ ಮೇಸ್ತ್ರಿ ತಾನೇ ಅರವಿ, ಬಡಿದು ಹೊಂದಿಸುತ್ತಿದ್ದ. ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರಲ್ಲವೇ, ಲೋಹದ ಮಾತು ಕೇಳುವ ಕೈ ಅಲ್ಲಿ ಇದ್ದೇ ಇತ್ತು. ಎಂಜಿನ್ ಓಡುವಾಗ ಬಾನೆಟ್ಟಿಗೆ ಕಿವಿಗೊಟ್ಟು ಯಾವ ವಾಲ್ವು ಸಡಿಲವೆಂದು ಹೇಳುತ್ತಿದ್ದ ಆ ಮೇಸ್ತ್ರಿ ಈಗಿಲ್ಲ. ಅವನ ಮಗ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ನಮ್ಮ ಸಮಾಜದ ಮದುವೆ ಮಾತುಕತೆಗಳ ಮೇಲೆ ಅದು ಬೀರಿದ ಪ್ರಭಾವವನ್ನು ಯಾರಾದರೂ ಬರೆಯಬೇಕು. 1990ರ ದಶಕದಲ್ಲಿ ಗಂಡಿನ ಕಡೆಯವರು ಉಡುಗೊರೆಯೆಂಬ ಸವಿಮಾತಿನಲ್ಲಿ ಮಾರುತಿಯನ್ನು ಕೇಳತೊಡಗಿದರು. ವರದಕ್ಷಿಣೆ ನಿಷೇಧ ಕಾಯಿದೆ 1961ರಿಂದಲೇ ಇದ್ದರೂ ಕಾರಿನ ಬೀಗದಕೈಗೆ ಕಾಯಿದೆಯ ಕಣ್ಣು ಕಾಣಿಸುವುದಿಲ್ಲವೆಂದು ಎಲ್ಲರೂ ನಂಬಿದ್ದರು. ಮಗಳ ಮದುವೆಗೆ ಮೂರು ಎಕರೆ ತೆಂಗಿನ ತೋಟ ಮಾರಿದ ಬಂಧುವೊಬ್ಬರನ್ನು ನಾವು ಬಲ್ಲೆವು. ಆ ಕಾರು ಎಂಟು ವರ್ಷಕ್ಕೆ ತುಕ್ಕು ಹಿಡಿಯಿತು. ತೋಟ ಈಗಲೂ ಕಾಯಿ ಬಿಡುತ್ತಿದೆ, ಕೊಂಡವರಿಗೆ. ಕಾರಿನ ಮೋಹ ಇಳಿಯುತ್ತಿದೆ ಎಂದು ಕೇಳಿದಾಗ ನಮಗೆ ಮೊದಲು ನೆನಪಾಗುವುದು ಆ ತೋಟ. ಆಗ ಒಳಗೊಳಗೇ ಸಂತೋಷವಾಗುತ್ತದೆ.

ಮೋಹ ಇಳಿಯುತ್ತಿರುವುದು ನಿಜವೇ ಎಂದು ಓದುಗರು ಕೇಳಬಹುದು. ರಸ್ತೆಗಿಳಿದರೆ ಕಾರುಗಳ ಮೇಲೆ ಕಾರುಗಳು; ನಮ್ಮ ಪುಟ್ಟ ನಾಗಮಂಗಲಕ್ಕೇ ಸಾರಿಗೆ ಕಚೇರಿ ಬಂದು, 'ಕೆಎ 54' ಎಂಬ ಸ್ವಂತ ಸಂಖ್ಯೆಯೂ ದೊರೆತಿದೆ. ಕಾರುಗಳು ಕಡಿಮೆಯಾಗಿಲ್ಲ, ನಿಜ. ಕಡಿಮೆಯಾದದ್ದು ಕಾರಿನ ಸುತ್ತ ಇದ್ದ ಬದುಕು. ಹತ್ತು ಕಾರುಗಳಿರುವ ಊರಿನಲ್ಲಿ ಇಂದು ಒಬ್ಬರ ಕಾರನ್ನು ಇನ್ನೊಬ್ಬರು ಕೇಳುವುದಿಲ್ಲ. ಕೇಳಿದರೆ ಸಂಕೋಚ, ಕೊಟ್ಟರೆ ಗೀರು ಬಿದ್ದೀತೆಂಬ ಭಯ. ಮದುವೆಗೆ ಒಂದೇ ಮನೆಯಿಂದ ಮೂರು ಕಾರು ಹೊರಡುತ್ತವೆ, ಒಂದೊಂದರಲ್ಲಿಯೂ ಇಬ್ಬಿಬ್ಬರು. ಗಾಜು ಏರಿಸಿಕೊಂಡು, ತಂಪು ಗಾಳಿ ಹಾಕಿಕೊಂಡು, ಎಲ್ಲಿಯೂ ನಿಲ್ಲದೆ ಹೋಗಿಬರುತ್ತಾರೆ. ರೇಡಿಯೇಟರ್ ಕುದಿಯದಿರುವುದರಿಂದ ದಾರಿಯ ತೋಟದವರ ಹೆಸರು ಯಾರಿಗೂ ತಿಳಿಯದು.

ಇನ್ನು ಬೆಂಗಳೂರಿಗೆ ಹೋದ ನಮ್ಮ ಹುಡುಗರದು ಬೇರೆಯೇ ನೀತಿ. ತಮ್ಮನ ಕಿರಿಯ ಮಗ ಅಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ, ಇಪ್ಪತ್ತೊಂಬತ್ತು ವರ್ಷ. ಕಾರು ಕೊಳ್ಳುವ ಶಕ್ತಿಯಿದೆ, ಆದರೆ ಚಾಲನೆಯ ಪರವಾನಗಿಯನ್ನೇ ಮಾಡಿಸಿಲ್ಲ. 2011ರಲ್ಲಿ ಆರಂಭವಾದ ಮೆಟ್ರೋ ಈಗ ಅವನ ಮನೆಯ ಬಳಿಯೇ ಸಿಗುತ್ತದೆ. ಅದಿಲ್ಲದ ಕಡೆಗೆ ಫೋನಿನಲ್ಲಿ ಬೆರಳೊತ್ತಿದರೆ ಬಾಡಿಗೆ ಕಾರು ಬಾಗಿಲಿಗೆ ಬರುತ್ತದೆ. "ಕಾರು ತಗೊಂಡ್ರೆ ಅದನ್ನ ನಿಲ್ಲಿಸೋಕೆ ಇನ್ನೊಂದು ಮನೆ ಬಾಡಿಗೆಗೆ ಹಿಡೀಬೇಕು ದೊಡ್ಡಪ್ಪ" ಎಂದು ನಮ್ಮೊಡನೆ ನಗುತ್ತಾನೆ. ಈಚೆಗೆ ಅವನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಕಾರಿನ ಮಾತೆತ್ತಿದರು; ಹುಡುಗ ಕೈಮುಗಿದು ಬೇಡವೆಂದ. ಅವರು ಅದನ್ನು ದೊಡ್ಡತನವೆಂದು ತಿಳಿಯದೆ, ಇನ್ನೂ ಹೆಚ್ಚಿನದೇನನ್ನೋ ಕೇಳುವ ಉಪಾಯವೆಂದು ತಿಳಿದು ಕಂಗಾಲಾದರು. ಬಿಡಿಸಿ ಹೇಳಲು ನಮಗೆ ಅರ್ಧ ದಿನ ಬೇಕಾಯಿತು. ದೊಡ್ಡಪ್ಪನವರಿಗೆ ಇದನ್ನು ತಿಳಿಸಿದಾಗ ಅವರು ಹುಡುಗನನ್ನು ಹೊಗಳಿದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ ಕಣಪ್ಪ, ರಾತ್ರಿ ಹೊತ್ತು ಯಾರಿಗಾದ್ರೂ ಏನಾದ್ರೂ ಆದ್ರೆ?" ಎಂದರು.

ಅದಕ್ಕೆ ಉತ್ತರವಿದೆ. ನಮ್ಮ ರಾಜ್ಯದಲ್ಲಿ 108 ಸಂಖ್ಯೆಯ ಆಂಬುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು. ಈಗ ನಮ್ಮೂರಿನವರು ರಾತ್ರಿ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ, ಫೋನು ಮಾಡುತ್ತಾರೆ. ಬೆಳ್ಳೂರು ಕ್ರಾಸಿನ ಬಳಿಯೇ ವೈದ್ಯಕೀಯ ಕಾಲೇಜಿದೆ. ಮೈಸೂರಿನವರೆಗೆ ಅರವತ್ತು ಚಿಲ್ಲರೆ ಕಿಲೋಮೀಟರು ಹೋಗುವ ಸಂದರ್ಭವೂ ಕಡಿಮೆಯಾಗಿದೆ. ಆಂಬುಲೆನ್ಸಿನವರು ಜಾತಿ ಕೇಳುವುದಿಲ್ಲ, ಅವರೆಕಾಯಿಯನ್ನೂ ನಿರೀಕ್ಷಿಸುವುದಿಲ್ಲ. ಕಾಯಿಲೆಯವನು ಯಾರ ಹಂಗಿಗೂ ಬೀಳದೆ ಆಸ್ಪತ್ರೆ ಸೇರುವುದು ದೊಡ್ಡ ಮಾತು. 1982ರಲ್ಲಿ ಇದಿದ್ದರೆ ಎಂದು ಯೋಚಿಸಿದರೆ, ನಮ್ಮ ಕಾರು ಕೊಟ್ಟಿಗೆ ಸೇರಿದ್ದಕ್ಕೆ ಮರುಗುವುದು ಹೇಗೆ?

ನಮ್ಮ ಅವ್ವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಆಯುಧಪೂಜೆಯ ಆ ಮಧ್ಯಾಹ್ನ ಗಂಡಸರೆಲ್ಲ ಕಾರಿನ ಗುಣಗಾನದಲ್ಲಿ ಮುಳುಗಿದ್ದಾಗ, ಬಾಗಿಲ ಬಳಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅವರು ತಲೆಯೆತ್ತದೆ ಹೇಳಿದರು: "ಆ ಕಾರ್ನಲ್ಲಿ ಮುಂದ್ಗಡೆ ಸೀಟ್ನಲ್ಲಿ ನಾನು ಒಂದಿನಾನೂ ಕೂತಿಲ್ಲ." ಪಡಸಾಲೆ ನಿಶ್ಶಬ್ದವಾಯಿತು. ಅವರ ತವರುಮನೆ ಕೃಷ್ಣರಾಜಪೇಟೆಯ ಕಡೆ. ಕಾರು ಬರುವ ಮುಂಚೆ ಬಸ್ಸಿನಲ್ಲಿಯೋ ಗಾಡಿಯಲ್ಲಿಯೋ ತಮಗೆ ಬೇಕೆನಿಸಿದಾಗ ಹೋಗಿಬರುತ್ತಿದ್ದರಂತೆ. ಕಾರು ಬಂದ ಮೇಲೆ, ಕಾರಿರುವ ಮನೆಯ ಸೊಸೆ ಬಸ್ಸಿನಲ್ಲಿ ಹೋದರೆ ಮರ್ಯಾದೆಯಲ್ಲವೆಂದಾಯಿತು. ಗಂಡಸರಿಗೆ ಬಿಡುವಾದಾಗ, ಕಾರಿಗೆ ಬಿಡುವಾದಾಗ ಹೋಗಬೇಕಾಯಿತು. ತಾಯಿ ಹಾಸಿಗೆ ಹಿಡಿದಾಗ ಕಾರು ಯಾರದೋ ಮದುವೆಗೆ ಹೋಗಿತ್ತಂತೆ, ಎರಡು ದಿನ ಕಾದರಂತೆ. ಇಷ್ಟನ್ನೂ ಅವರು ದೂರಿನ ದನಿಯಲ್ಲಿ ಹೇಳಲಿಲ್ಲ, ಬತ್ತಿಯ ಲೆಕ್ಕ ಹೇಳುವಂತೆ ಹೇಳಿದರು.

ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಿತು. ಆ ಯೋಜನೆಯ ಗುಣದೋಷಗಳನ್ನು ವಿಮರ್ಶಿಸುವವರು ವಿಮರ್ಶಿಸಲಿ. ನಮ್ಮ ಅವ್ವ ಮತ್ತು ದೊಡ್ಡವ್ವ, ಇಬ್ಬರೂ ಎಂಬತ್ತರ ಆಸುಪಾಸಿನವರು, ಆಧಾರ್ ಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡು ಯಾರನ್ನೂ ಕೇಳದೆ ಎಡೆಯೂರಿಗೆ ಹೋಗಿಬರುತ್ತಾರೆ. ಕಿಟಕಿಯ ಪಕ್ಕದಲ್ಲಿಯೇ ಕೂರುತ್ತಾರೆ. ದಾರಿಯಲ್ಲಿ ಯಾವ ಊರಿನ ಯಾರ ಮನೆಯೆಂದು ಪಕ್ಕದವರನ್ನು ವಿಚಾರಿಸಿಕೊಂಡು ಬಂದು ನಮಗೆ ಸುದ್ದಿ ಹೇಳುತ್ತಾರೆ. ನಮ್ಮ ಕಾರಿನಿಂದ ಕಳೆದುಹೋಯಿತೆಂದು ನಾವು ದುಃಖಿಸುತ್ತಿದ್ದ ಆ ದಾರಿಯ ಮಾತುಕತೆ ಕೆಂಪು ಬಸ್ಸಿನಲ್ಲಿ ಕ್ಷೇಮವಾಗಿದೆಯೆಂದು ತಿಳಿದದ್ದು ಹೀಗೆ.

ರಸ್ತೆಗಳೂ ಬೇರೆಯಾಗಿವೆ. ಬೆಂಗಳೂರು ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು; ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ಗಂಟೆಗೆ ಐವತ್ತು ಕಿಲೋಮೀಟರು ಮೀರಿದರೆ ನಡುಗುತ್ತಿದ್ದ ನಮ್ಮ ಅಂಬಾಸಿಡರಿಗೆ ಅಲ್ಲಿ ಸ್ಥಾನವಿಲ್ಲ, ಇರಲೂಬಾರದು. ಹಳೆಯ ಕಾರಿನಲ್ಲಿ ಹನ್ನೆರಡು ಜನ ತುಂಬಿಕೊಂಡು, ಸೀಟುಪಟ್ಟಿಯ ಹೆಸರೇ ಕೇಳದೆ ಓಡಾಡಿದೆವಲ್ಲ, ಏನೂ ಆಗಲಿಲ್ಲವಲ್ಲ ಎಂದು ನಮ್ಮ ವಯಸ್ಸಿನವರು ಜಂಬಪಡುವುದುಂಟು. ಏನೂ ಆಗದವರು ಮಾತ್ರ ಹೀಗೆ ಜಂಬಪಡಲು ಉಳಿದಿರುತ್ತಾರೆ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ 2018ರ ನವೆಂಬರ್ 24ರಂದು ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಅದೇ ತಾಲ್ಲೂಕಿನ ಬನಘಟ್ಟದ ಬಳಿ 2023ರ ನವೆಂಬರಿನಲ್ಲಿ ಕಾರು ನಾಲೆಗೆ ಬಿದ್ದು ಐವರು ತೀರಿಕೊಂಡರು. ಬಸ್ಸಾಗಲಿ ಕಾರಾಗಲಿ, ತಡೆಗೋಡೆಯಿಲ್ಲದ ನಾಲೆಯ ಏರಿಗೆ ಭೇದವಿಲ್ಲ. ಈ ಸುದ್ದಿಗಳು ಬಂದ ದಿನಗಳಲ್ಲಿ ಕಾರಿನ ಹಳೆಯ ವೈಭವದ ಮಾತು ನಮ್ಮ ಬಾಯಿಂದ ಹೊರಡಲಿಲ್ಲ.

ಅಂಬಾಸಿಡರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅದೇ ವರ್ಷದ ಜನವರಿಯಲ್ಲಿ ಅದರ ಪ್ರತಿಸ್ಪರ್ಧಿಯಾದ ಮಾರುತಿ 800ರ ತಯಾರಿಕೆಯೂ ನಿಂತಿತ್ತು. ಅಂಬಾಸಿಡರ್ ಎಂಬ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪೂಜೋ ಸಂಸ್ಥೆಯವರು 80 ಕೋಟಿ ರೂಪಾಯಿಗಳಿಗೆ ಕೊಂಡರು. ಮುಂಬಯಿಯ ಬೀದಿಗಳಿಂದ ಕಪ್ಪು ಹಳದಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯಲ್ಲಿ ಮರೆಯಾದವು. ನಮ್ಮ ಕಾರು ನಿಂತದ್ದೂ 2014ರಲ್ಲಿಯೇ. ಕಣ್ಣಿಗೆ ಪೊರೆ ಬಂದು ದೊಡ್ಡಪ್ಪನವರು ಸ್ಟಿಯರಿಂಗ್ ಬಿಟ್ಟರು, ಬೇರೆಯವರಿಗೆ ಅದು ಒಲಿಯಲಿಲ್ಲ.

ಅದನ್ನು ಮತ್ತೆ ರಸ್ತೆಗಿಳಿಸಬೇಕಾದರೆ ನೋಂದಣಿಯ ನವೀಕರಣ ಬೇಕು. 2022ರ ಏಪ್ರಿಲ್ 1ರಂದು ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ತಡವಾದ ತಿಂಗಳುಗಳಿಗೆ ದಂಡ ಬೇರೆ. ಬೆಂಗಳೂರಿನ ಹುಡುಗ ಇನ್ನೊಂದು ದಾರಿ ಹುಡುಕಿದ. ಐವತ್ತು ವರ್ಷ ಮೀರಿದ ವಾಹನಗಳನ್ನು ಪಾರಂಪರಿಕ ವಾಹನಗಳೆಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದೆ. ನಮ್ಮದಕ್ಕೆ ಐವತ್ತಾರು ದಾಟಿದೆ. ಆದರೆ ಎಂಜಿನ್ ಬದಲಾಯಿಸಿರಬಾರದು. ದಿನಬಳಕೆಗೆ, ಬಾಡಿಗೆಗೆ ಓಡಿಸಬಾರದು. ಪ್ರದರ್ಶನಕ್ಕೋ ಮೆರವಣಿಗೆಗೋ ಹೊರಡಬಹುದು ಅಷ್ಟೆ. 1987ರ ಡೀಸೆಲ್ ಎಂಜಿನ್ ಆ ಬಾಗಿಲನ್ನೂ ಮುಚ್ಚಿತು. ಬಳಸದೆ ಕಾಪಾಡಿದವರಿಗೆ ಪಾರಂಪರ್ಯದ ಗೌರವ, ಊರಿಗಾಗಿ ಸವೆಸಿದವರಿಗೆ ಗುಜರಿ ಎಂದು ನಮಗೆ ಒಂದು ಕ್ಷಣ ಕೋಪ ಬಂದದ್ದು ನಿಜ. ನಿಯಮ ಮಾಡಿದವರಿಗೆ ನಮ್ಮೂರಿನ ಇಳಿಜಾರು ಹೇಗೆ ತಿಳಿಯಬೇಕು?

ದೀಪಾವಳಿಗೆ ಮುಂಚೆ ಒಂದು ದಿನ ದೊಡ್ಡಪ್ಪನವರನ್ನು ಶ್ರೀರಂಗಪಟ್ಟಣದ ಬಳಿ ಮೈಸೂರು ಬೆಂಗಳೂರು ಹೆದ್ದಾರಿಯಲ್ಲಿರುವ 'ಪಯಣ' ಸಂಗ್ರಹಾಲಯಕ್ಕೆ ಕರೆದೊಯ್ದೆವು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಅಲ್ಲಿ ಒಪ್ಪವಾಗಿ ಇರಿಸಿದ್ದಾರೆ. ಕನ್ನಡಿಯಂತೆ ಹೊಳೆಯುವ ಆ ಕಾರುಗಳ ನಡುವೆ ದೊಡ್ಡಪ್ಪನವರು ಕೋಲೂರಿಕೊಂಡು ಒಂದೊಂದರ ಮುಂದೆಯೂ ನಿಂತು ನೋಡಿದರು. ಒಂದರ ಮುಂದೆ ಬಹಳ ಹೊತ್ತು ನಿಂತರು. ಇಷ್ಟವಾಯಿತೇ ಎಂದು ಕೇಳಿದೆವು. "ನೆಲ ಬಲು ಮಟ್ಟವಾಗದೆ ಕಣಪ್ಪ" ಎಂದರು. ಬೇರೇನೂ ಹೇಳಲಿಲ್ಲ.

ಮರುವಾರ ಗುಜರಿಯವನು ಬಂದ. ಕಾರಿನ ಸುತ್ತ ತಿರುಗಿ, ಕಬ್ಬಿಣಕ್ಕೆ ಇಷ್ಟು, ಎಂಜಿನಿಗೆ ಇಷ್ಟು ಎಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಹಿಂದಿನ ಸೀಟಿನಲ್ಲಿ ಕಾವು ಕುಳಿತಿದ್ದ ಕೋಳಿಯನ್ನು ಅವ್ವ ಏಳಿಸಗೊಡಲಿಲ್ಲ. ಮರಿಯಾಗುವವರೆಗೆ ತಡೆಯಲಿ ಎಂದರು. ಡಿಕ್ಕಿಯಲ್ಲಿದ್ದ ಈರುಳ್ಳಿ ಮೂಟೆಯನ್ನು ಎಲ್ಲಿಡುವುದೆಂದು ದೊಡ್ಡವ್ವ ಕೇಳಿದರು. ದೊಡ್ಡಪ್ಪನವರು ಗುಜರಿಯವನನ್ನು ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಡಿಸಿ, ಎಲ್ಲಿಂದ ಬಂದೆ, ಹೇಗೆ ಬಂದೆ ಎಂದು ವಿಚಾರಿಸಿದರು. ಬೆಳ್ಳೂರು ಕ್ರಾಸಿನಿಂದ ಬಸ್ಸಿನಲ್ಲಿ ಬಂದನಂತೆ. ಹೊರಡುವ ಮುನ್ನ ಅವನು ಅಭ್ಯಾಸಬಲದಿಂದ ಚಕ್ರಕ್ಕೆ ಒಡ್ಡಿದ್ದ ಕಲ್ಲನ್ನು ಕಾಲಿನಿಂದ ಸರಿಸಲು ಹೋದಾಗ ದೊಡ್ಡಪ್ಪನವರು "ಅದ್ ಮುಟ್ಬೇಡ" ಎಂದರು. ಯುಗಾದಿ ಕಳೆದ ಮೇಲೆ ಬರುವುದಾಗಿ ಹೇಳಿ ಅವನು ಸಂಜೆಯ ಬಸ್ಸು ಹಿಡಿದ.